ಕಂಪ್ಯೂಟರಿಗೆ ವಯಸ್ಸಾಗುವುದೆಂದರೇನು?

ಕಂಪ್ಯೂಟರ್ ನಿಧಾನವಾಯಿತೆಂದರೆ ನಮ್ಮ ಕಡೆ ಅದಕ್ಕೆ ಮಾಡುವ ಉಪಚಾರಗಳಿಗೆ ಒಂದು ಕ್ರಮವಿದೆ. ಮೊದಲನೆಯದು ರಿಫ್ರೆಶ್. ಖಾಲಿ ಪರದೆಯ ಮೇಲೆ ಮೌಸಿನ ಬಲಗುಂಡಿ ಒತ್ತಿ ಎಂಟು ಹತ್ತು ಸಲ ರಿಫ್ರೆಶ್ ಮಾಡಿದರೆ ಯಂತ್ರ ಚುರುಕಾಗುತ್ತದೆ ಎಂಬ ನಂಬಿಕೆ ಕಳಸದಿಂದ ಕಡೂರಿನ ತನಕ ಒಂದೇ ಸಮನಾಗಿದೆ. ಎರಡನೆಯದು, ರನ್ ಕಿಟಕಿ ತೆರೆದು ಟೆಂಪ್, ಪ್ರೀಫೆಚ್ ಎಂದು ಟೈಪು ಮಾಡಿ ಅಲ್ಲಿ ಸಿಕ್ಕಿದ್ದನ್ನೆಲ್ಲ ಅಳಿಸುವುದು. ಮೂರನೆಯದು, ಯಾವುದಾದರೊಂದು ‘ಕ್ಲೀನರ್’ ಹಾಕಿಸಿ, ಅದು ಕೆಂಪು ಅಕ್ಷರದಲ್ಲಿ ತೋರಿಸುವ ಸಾವಿರಾರು ‘ತಪ್ಪು’ಗಳನ್ನು ಒಂದೇ ಒತ್ತಿಗೆ ಸರಿಪಡಿಸಿ ಸಮಾಧಾನಪಡುವುದು. ಇದ್ಯಾವುದಕ್ಕೂ ಜಗ್ಗದಿದ್ದರೆ ಕಡೆಯ ಅಸ್ತ್ರ: ಸಿಪಿಯು ಡಬ್ಬವನ್ನು ಜೀಪಿನ ಹಿಂದಿನ ಸೀಟಿನಲ್ಲಿಟ್ಟು ಪೇಟೆಗೆ ಒಯ್ದು ಫಾರ್ಮ್ಯಾಟ್ ಹೊಡೆಸುವುದು. ಈ ನಾಲ್ಕರಲ್ಲಿ ಮೊದಲ ಮೂರರಿಂದ ಯಂತ್ರದ ವೇಗ ಹೆಚ್ಚುವುದಿಲ್ಲವೆಂದೇ ಹೇಳಬೇಕು. ರಿಫ್ರೆಶ್ ಮಾಡುವುದೆಂದರೆ ಪರದೆಯ ಮೇಲಿನ ಚಿತ್ರಗಳನ್ನು ಇನ್ನೊಮ್ಮೆ ಬರೆ ಎಂದು ಹೇಳುವುದು, ಅಷ್ಟೆ. ಹತ್ತು ಸಲ ಹೇಳಿದರೆ ಹತ್ತು ಸಲ ಬರೆಯುತ್ತದೆ. ಪ್ರೀಫೆಚ್ ಎಂಬುದು ಯಾವ ತಂತ್ರಾಂಶ ತೆರೆಯುವಾಗ ಡಿಸ್ಕಿನ ಯಾವ ಭಾಗ ಬೇಕಾಗುತ್ತದೆಂದು ವಿಂಡೋಸ್ ಬರೆದಿಟ್ಟುಕೊಂಡ ಟಿಪ್ಪಣಿ. ಅದನ್ನು ಅಳಿಸಿದರೆ ಮುಂದಿನ ಸಲ ತೆರೆಯುವುದು ಇನ್ನಷ್ಟು ತಡವಾಗುತ್ತದೆ. ಇನ್ನು ಕ್ಲೀನರ್: ವಿಂಡೋಸಿನ ಹೊಂದಿಕೆಗಳ ಕಡತವಾದ ರಿಜಿಸ್ಟ್ರಿಯನ್ನು ಗುಡಿಸುವ ಇಂಥ ತಂತ್ರಾಂಶಗಳ ಬಳಕೆಯನ್ನು ತಾನು ಬೆಂಬಲಿಸುವುದಿಲ್ಲವೆಂದು ವಿಂಡೋಸ್ ತಯಾರಿಸಿದ ಮೈಕ್ರೋಸಾಫ್ಟೇ ಹೇಳಿದೆ. ಲಕ್ಷಾಂತರ ನಮೂದುಗಳಿರುವ ಕಡತದಿಂದ ಒಂದು ಸಾವಿರ ಸಾಲು ಕಿತ್ತರೆ ಹುಡುಕುವ ವೇಗವೇನೂ ಹೆಚ್ಚುವುದಿಲ್ಲ.

ಹಾಗಿದ್ದರೂ ನಾಲ್ಕನೆಯದು, ಅಂದರೆ ಫಾರ್ಮ್ಯಾಟ್, ಕೆಲಸ ಮಾಡುತ್ತದೆ. ಅಂಗಡಿಯಿಂದ ಮರಳಿ ಬಂದ ದಿನ ಕಂಪ್ಯೂಟರ್ ಹೊಸದರಂತೆ ಓಡುತ್ತದೆ, ಮೂರು ನಾಲ್ಕು ತಿಂಗಳಲ್ಲಿ ಮತ್ತೆ ಹಳೆಯ ಗತಿಗೆ ಇಳಿಯುತ್ತದೆ. ಇದನ್ನು ಎಲ್ಲರೂ ಕಂಡಿದ್ದೇವೆ. ಇದರಿಂದ ಏನು ಸಾಬೀತಾಗುತ್ತದೆಂದು ಮಾತ್ರ ಯೋಚಿಸಿಲ್ಲ. ಅದೇ ಪ್ರೊಸೆಸರ್, ಅದೇ ಮೆಮೊರಿ, ಅದೇ ಡಿಸ್ಕ್. ಯಂತ್ರವೇ ಮುದಿಯಾಗಿದ್ದರೆ ಫಾರ್ಮ್ಯಾಟ್ ಮಾಡಿದ ದಿನವೂ ಅದು ಮುದಿಯಾಗಿಯೇ ಇರಬೇಕಿತ್ತು. ಪ್ರೊಸೆಸರಿನೊಳಗಿನ ಟ್ರಾನ್ಸಿಸ್ಟರುಗಳು ಬಳಸಿದಷ್ಟೂ ನಮಗೆ ಗೊತ್ತಾಗುವಷ್ಟು ಮಂದವಾಗುವ ಜಾತಿಯವಲ್ಲ. ಅವುಗಳಿಗೆ ತಾಳ ಹಾಕುವುದು ಸ್ಫಟಿಕದ ಕಂಪನ. 2012ರಲ್ಲಿ ಸೆಕೆಂಡಿಗೆ ಮುನ್ನೂರು ಕೋಟಿ ಸಲ ಮಿಡಿಯುತ್ತಿದ್ದ ಗಡಿಯಾರ ಇವತ್ತೂ ಅಷ್ಟೇ ಸಲ ಮಿಡಿಯುತ್ತದೆ. ಹಾಗಾದರೆ ಕಂಪ್ಯೂಟರಿಗೆ ವಯಸ್ಸಾಯಿತು ಎಂಬ ಮಾತಿಗೆ ಏನರ್ಥ? ನನ್ನ ವಾದ ಇಷ್ಟು: ಬಹುತೇಕ ಸಂದರ್ಭಗಳಲ್ಲಿ ವಯಸ್ಸಾಗುವುದು ಯಂತ್ರಕ್ಕಲ್ಲ, ಅದರ ಮೇಲೆ ಹೇರಿದ ಹೊರೆ ಬೆಳೆಯುತ್ತದೆ. ಬೆಳೆದ ಹೊರೆ ಯಂತ್ರದ ಎಲ್ಲ ಭಾಗಗಳ ಮೇಲೂ ಸಮನಾಗಿ ಕೂರುವುದಿಲ್ಲ, ಯಾವುದೋ ಒಂದು ಕಡೆ ಕೂತು ಉಳಿದದ್ದನ್ನೆಲ್ಲ ಕಾಯಿಸುತ್ತದೆ. ಆ ಒಂದು ಜಾಗವನ್ನು ಮೊದಲು ಪತ್ತೆ ಮಾಡದೆ ನಡೆಸುವ ಉಪಚಾರವೆಲ್ಲ ರಿಫ್ರೆಶ್ಶಿನ ಜಾತಿಗೇ ಸೇರಿದ್ದು.

ಹೊರೆ ಎಷ್ಟು ಬೆಳೆದಿದೆಯೆಂಬುದಕ್ಕೆ ಲೆಕ್ಕ ಇದೆ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ ಕೇಳುತ್ತಿದ್ದ ಕನಿಷ್ಠ ಮೆಮೊರಿ 64 ಎಂಬಿ. 2009ರ ವಿಂಡೋಸ್ 7ಕ್ಕೆ 1 ಜಿಬಿ ಬೇಕಾಯಿತು. 2021ರ ವಿಂಡೋಸ್ 11 ಕೇಳುವುದು 4 ಜಿಬಿ. ಇಪ್ಪತ್ತು ವರ್ಷದಲ್ಲಿ ಅರವತ್ತನಾಲ್ಕು ಪಟ್ಟು. ಇದು ಕೂರಲು ಕೇಳುವ ಜಾಗ ಮಾತ್ರ. ಕೆಲಸ ಮಾಡಲು ಬೇಕಾದದ್ದು ಬೇರೆ. ಬ್ರೌಸರಿನ ಕತೆ ಇನ್ನೂ ಸ್ವಾರಸ್ಯವಾಗಿದೆ. ಜಾಲಪುಟಗಳ ತೂಕವನ್ನು ವರ್ಷಗಳಿಂದ ಅಳೆಯುತ್ತಿರುವ ಎಚ್‌ಟಿಟಿಪಿ ಆರ್ಕೈವ್ ಪ್ರಕಾರ, 2010ರ ಕೊನೆಯಲ್ಲಿ ಸುಮಾರು ಅರ್ಧ ಎಂಬಿ ಇದ್ದ ಸಾಧಾರಣ ಪುಟ 2024ರ ಹೊತ್ತಿಗೆ ಎರಡೂವರೆ ಎಂಬಿ ದಾಟಿತ್ತು. ಇದನ್ನು ಕನ್ನಡದ ಅಳತೆಯಲ್ಲಿ ನೋಡೋಣ. ಯೂನಿಕೋಡಿನ ಸಾಮಾನ್ಯ ರೂಪದಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟ್ ಬೇಕು. ಪುಟಕ್ಕೆ ಸಾವಿರದ ಎಂಟುನೂರು ಚಿಹ್ನೆಯಂತೆ ಮುನ್ನೂರು ಪುಟದ ಕಾದಂಬರಿಯೊಂದನ್ನು ಪೂರ್ತಿ ಟೈಪು ಮಾಡಿಟ್ಟರೂ ಅದು ಒಂದೂಮುಕ್ಕಾಲು ಎಂಬಿ ಮುಟ್ಟುವುದಿಲ್ಲ. ಅಂದರೆ ಇವತ್ತಿನ ಕಾಫಿ ದರ ಎಷ್ಟೆಂದು ನೋಡಲು ತೆರೆದ ಒಂದು ಪುಟ, ಒಂದು ಇಡೀ ಕಾದಂಬರಿಗಿಂತ ಭಾರವಾಗಿರಬಹುದು. ಬೇಕಾಗಿದ್ದ ಮಾಹಿತಿ ನಾಲ್ಕೈದು ಅಂಕಿ. ಉಳಿದದ್ದು ಚಿತ್ರ, ಜಾಹೀರಾತು, ನಾವು ಎಲ್ಲಿ ಒತ್ತಿದೆವೆಂದು ಗಮನಿಸುವ ಸ್ಕ್ರಿಪ್ಟುಗಳು. ಸ್ವಿಸ್ ವಿಜ್ಞಾನಿ ನಿಕ್ಲಾಸ್ ವಿರ್ತ್ 1995ರಲ್ಲೇ ಇದರ ಬಗ್ಗೆ ಲೇಖನ ಬರೆದು, ಯಂತ್ರಾಂಶ ವೇಗವಾಗುವುದಕ್ಕಿಂತ ಬೇಗ ತಂತ್ರಾಂಶ ನಿಧಾನವಾಗುತ್ತಿದೆ ಎಂದು ಎಚ್ಚರಿಸಿದ್ದರು. ಆ ಮಾತಿಗೆ ಅವರ ಹೆಸರೇ ಅಂಟಿಕೊಂಡಿದೆ.

ಈಗ ಹೊರೆ ಎಲ್ಲಿ ಕೂರುತ್ತದೆಂಬ ಪ್ರಶ್ನೆ. ಕಾಫಿ ಬೆಳೆಯುವವರಿಗೆ ಇದನ್ನು ಹೊಸದಾಗಿ ಹೇಳಿಕೊಡಬೇಕಿಲ್ಲ. ಮಣ್ಣು ಹುಳಿಯಾಗಿದ್ದರೆ ಎಷ್ಟು ಗೊಬ್ಬರ ಸುರಿದರೂ ಗಿಡ ಏಳುವುದಿಲ್ಲ, ಅಲ್ಲಿ ಬೇಕಾದದ್ದು ಸುಣ್ಣ. ಪೊಟ್ಯಾಷ್ ಕಡಿಮೆಯಿದ್ದಲ್ಲಿ ಯೂರಿಯಾ ಹೆಚ್ಚು ಹಾಕಿದರೆ ದುಡ್ಡು ದಂಡ. ಯಾವುದು ಅತ್ಯಂತ ಕಡಿಮೆಯಿದೆಯೋ ಅದೇ ಬೆಳೆಯ ಮಿತಿಯನ್ನು ನಿರ್ಧರಿಸುತ್ತದೆ ಎಂಬ ಈ ತತ್ತ್ವ ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯ ಲೀಬಿಗ್ ಹೆಸರಿನಲ್ಲಿ ಪ್ರಸಿದ್ಧವಾಯಿತು. ಬಾಳೆಹೊನ್ನೂರಿನಲ್ಲಿ 1925ರಲ್ಲಿ ಕಾಫಿ ಪ್ರಯೋಗ ಕೇಂದ್ರ ಶುರುವಾದ ಮೇಲೆ ನಮ್ಮ ಗುಡ್ಡಗಳಿಗೂ ಅದು ಅಭ್ಯಾಸವಾಯಿತು: ಮೊದಲು ಮಣ್ಣು ಪರೀಕ್ಷೆ, ಆಮೇಲೆ ಸುಣ್ಣವೋ ಗೊಬ್ಬರವೋ ತೀರ್ಮಾನ. ಕಂಪ್ಯೂಟರಿನ ಲೋಕದಲ್ಲಿ ಇದೇ ತರ್ಕವನ್ನು 1967ರಲ್ಲಿ ಜೀನ್ ಆಮ್‌ಡಾಲ್ ಲೆಕ್ಕದ ರೂಪದಲ್ಲಿ ಇಟ್ಟರು. ಉದಾಹರಣೆಗೆ, ಒಂದು ತಂತ್ರಾಂಶ ತೆರೆಯಲು ನಲವತ್ತು ಸೆಕೆಂಡು ಹಿಡಿಯುತ್ತದೆನ್ನಿ. ಅದರಲ್ಲಿ ಮೂವತ್ತಾರು ಸೆಕೆಂಡು ಡಿಸ್ಕಿಗಾಗಿ ಕಾಯುವುದು, ನಾಲ್ಕು ಸೆಕೆಂಡು ಪ್ರೊಸೆಸರಿನ ದುಡಿಮೆ. ಪ್ರೊಸೆಸರನ್ನು ಎರಡು ಪಟ್ಟು ವೇಗದ್ದಾಗಿ ಬದಲಿಸಿದರೆ ನಲವತ್ತು ಮೂವತ್ತೆಂಟಾಗುತ್ತದೆ, ಯಾರಿಗೂ ಗೊತ್ತೇ ಆಗುವುದಿಲ್ಲ. ಡಿಸ್ಕಿನ ಕಾಯುವಿಕೆಯನ್ನು ಎರಡು ಸೆಕೆಂಡಿಗೆ ಇಳಿಸಿದರೆ ನಲವತ್ತು ಆರಾಗುತ್ತದೆ. ಸುಧಾರಣೆಯ ಲಾಭ ನಾವು ಎಷ್ಟು ಖರ್ಚು ಮಾಡಿದೆವೆಂಬುದರ ಮೇಲಲ್ಲ, ಆ ಭಾಗ ಒಟ್ಟು ಕಾಲದಲ್ಲಿ ಎಷ್ಟು ಪಾಲು ತಿನ್ನುತ್ತಿತ್ತೆಂಬುದರ ಮೇಲೆ ನಿಂತಿದೆ. ಮಣ್ಣು ಪರೀಕ್ಷೆ ಮಾಡಿಸದೆ ಒಂದು ಚೀಲ ಸುಣ್ಣವನ್ನೂ ಬಿಚ್ಚದ ಬೆಳೆಗಾರರು ಕಂಪ್ಯೂಟರಿನ ವಿಷಯಕ್ಕೆ ಬಂದಾಗ ಏನನ್ನೂ ಅಳೆಯದೆ ನೇರವಾಗಿ ಫಾರ್ಮ್ಯಾಟಿಗೆ ಒಪ್ಪುವುದೇ ಆಶ್ಚರ್ಯ.

ಹತ್ತು ಹನ್ನೆರಡು ವರ್ಷದ ಹಿಂದಿನ ಮನೆ ಕಂಪ್ಯೂಟರಿನಲ್ಲಿ ಆ ಅತಿ ಕಡಿಮೆಯ ವಸ್ತು ಯಾವುದು? ಹೆಚ್ಚಿನ ಪಾಲು ಅದು ತಿರುಗುವ ಹಾರ್ಡ್‌ಡಿಸ್ಕ್. ನಿಮಿಷಕ್ಕೆ 7200 ಸುತ್ತು ತಿರುಗುವ ತಟ್ಟೆ ಒಂದು ಸುತ್ತಿಗೆ ತೆಗೆದುಕೊಳ್ಳುವುದು 8.3 ಮಿಲಿಸೆಕೆಂಡು. ಬೇಕಾದ ಜಾಗ ಓದುವ ಮುಳ್ಳಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು. ಮುಳ್ಳು ಸರಿಯಾದ ಪಥಕ್ಕೆ ಸರಿಯಲು ಇನ್ನೊಂದು ಎಂಟು ಒಂಬತ್ತು ಮಿಲಿಸೆಕೆಂಡು ಬೇಕು. ಎರಡೂ ಸೇರಿದರೆ ಸೆಕೆಂಡಿಗೆ ಸುಮಾರು ಎಂಬತ್ತು ಕಡೆಯಿಂದ ಓದಬಹುದು, ಅದಕ್ಕಿಂತ ಹೆಚ್ಚಿಲ್ಲ. ಒಂದೇ ದೊಡ್ಡ ಫೈಲನ್ನು ಸಾಲಾಗಿ ಓದುವಾಗ ಸೆಕೆಂಡಿಗೆ ನೂರು ಎಂಬಿ ಕೊಡುವ ಅದೇ ಡಿಸ್ಕ್, ಚೂರು ಚೂರಾಗಿ ಹರಡಿದ ನಾಲ್ಕು ಕೆಬಿ ತುಂಡುಗಳನ್ನು ಓದುವಾಗ ಅರ್ಧ ಎಂಬಿಯನ್ನೂ ಕೊಡಲಾರದು. ವಿಂಡೋಸ್ ಏಳುವಾಗ ನಡೆಯುವುದು ಈ ಎರಡನೆಯ ಬಗೆಯ ಓದು. ಇದಕ್ಕೆ ಮೆಮೊರಿಯ ಕೊರತೆ ಸೇರಿದರೆ ಕಷ್ಟ ಇಮ್ಮಡಿ. ಮೆಮೊರಿ ಸಾಲದಾದಾಗ ಅದರಲ್ಲಿನ ಒಂದಿಷ್ಟನ್ನು ಡಿಸ್ಕಿನಂಥ ನಿಧಾನದ ಉಗ್ರಾಣಕ್ಕೆ ಇಳಿಸಿ ಜಾಗ ಮಾಡಿಕೊಳ್ಳುವ ಉಪಾಯ 1962ರ ಮ್ಯಾಂಚೆಸ್ಟರಿನ ಅಟ್ಲಾಸ್ ಯಂತ್ರದ ಕಾಲದಿಂದಲೂ ಇದೆ. ಆದರೆ ಇಳಿಸುವುದು ಏರಿಸುವುದರಲ್ಲೇ ಯಂತ್ರದ ಹೊತ್ತೆಲ್ಲ ಕಳೆದು ನಿಜವಾದ ಕೆಲಸ ನಿಂತುಹೋಗುವ ಸ್ಥಿತಿಯೊಂದು ಬರುತ್ತದೆ. ಅದು ಏಕೆ ಬರುತ್ತದೆಂದು ಪೀಟರ್ ಡೆನ್ನಿಂಗ್ 1968ರಲ್ಲೇ ವಿವರಿಸಿದರು. ನಮ್ಮ ಮನೆಗಳಲ್ಲಿ ಪಹಣಿ ತೆಗೆಯಲು ಬ್ರೌಸರ್ ತೆರೆದು, ಕೂಲಿಯವರ ಹಾಜರಿಯ ಚೆಕ್‌ರೋಲಿನ ಎಕ್ಸೆಲ್ ತೆರೆದು, ಜೊತೆಗೊಂದು ಆನ್‌ಲೈನ್ ಕ್ಲಾಸ್ ಓಡುವಾಗ ಪರದೆ ಕಲ್ಲಾಗುತ್ತದಲ್ಲ, ಅದು ಇದೇ.

ಇದನ್ನು ಪರೀಕ್ಷಿಸಲು ಅಂಗಡಿಗೆ ಹೋಗಬೇಕಿಲ್ಲ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ವಿಂಡೋಸ್ 8 ಮತ್ತು ಅದರ ನಂತರದ ಯಂತ್ರಗಳಲ್ಲಿ ಸಿಪಿಯು (ಅಂದರೆ ಪ್ರೊಸೆಸರ್), ಮೆಮೊರಿ, ಡಿಸ್ಕ್ ಮೂರರ ಬಳಕೆಯೂ ಅಲ್ಲಿ ಶೇಕಡಾ ಲೆಕ್ಕದಲ್ಲಿ ಕಾಣುತ್ತದೆ. ಯಂತ್ರ ತಡವರಿಸುತ್ತಿರುವ ಹೊತ್ತಿನಲ್ಲೇ ನೋಡಬೇಕು, ಅದೊಂದೇ ಷರತ್ತು. ಡಿಸ್ಕ್ ನೂರರಲ್ಲಿ ನಿಂತು ಸಿಪಿಯು ಹದಿನೈದರಲ್ಲಿ ಆಡುತ್ತಿದ್ದರೆ ಕಾರಣ ಗೊತ್ತಾಯಿತು. ಮೆಮೊರಿಯೂ ತೊಂಬತ್ತು ಮೀರಿದ್ದರೆ ಡಿಸ್ಕಿಗೆ ಕೆಲಸ ಹಚ್ಚುತ್ತಿರುವುದು ಅದೇ. ಸಿಪಿಯುವೇ ನೂರರಲ್ಲಿದ್ದರೆ ಯಾವ ತಂತ್ರಾಂಶ ಅದನ್ನು ತಿನ್ನುತ್ತಿದೆಯೆಂದು ಹೆಸರು ಸಮೇತ ಕಾಣುತ್ತದೆ. ಮುಂದಿನ ಕ್ರಮ ಇದರಿಂದಲೇ ಹುಟ್ಟುತ್ತದೆ. ದುಡ್ಡು ಬೇಡದ ಕೆಲಸ ಮೊದಲು: ಯಂತ್ರ ಏಳುವಾಗ ತಾವೂ ಎದ್ದು ಕೂರುವ ತಂತ್ರಾಂಶಗಳ ಪಟ್ಟಿ ಅಲ್ಲೇ ಸ್ಟಾರ್ಟ್‌ಅಪ್ ಎಂಬ ವಿಭಾಗದಲ್ಲಿದೆ. ಯಾವತ್ತೋ ಕೊಂಡ ಪ್ರಿಂಟರಿನ ಸಹಾಯಕ, ವರ್ಷಕ್ಕೊಮ್ಮೆ ಬಳಸುವ ಡಿಜಿಟಲ್ ಸಹಿ ಟೋಕನಿನ ತಂತ್ರಾಂಶ, ಕೇಳದೆ ಬಂದ ಸಂಗೀತದ ಆ್ಯಪ್, ಎಲ್ಲವೂ ಅಲ್ಲಿ ಕೂತಿರುತ್ತವೆ. ಅವನ್ನು ಅಳಿಸಬೇಕಿಲ್ಲ, ತಾವಾಗಿ ಏಳದಂತೆ ಮಾಡಿದರೆ ಸಾಕು. ಎರಡು ಆ್ಯಂಟಿವೈರಸ್ ಇದ್ದರೆ ಒಂದು ಹೋಗಬೇಕು, ಏಕೆಂದರೆ ತೆರೆದ ಪ್ರತಿ ಫೈಲನ್ನೂ ಎರಡೆರಡು ಸಲ ತಪಾಸಣೆ ಮಾಡಿದರೆ ದಂಡ ತೆರುವುದು ಅದೇ ಬಡ ಡಿಸ್ಕ್. ಬ್ರೌಸರಿಗೆ ಅಂಟಿಸಿಕೊಂಡ ಎಕ್ಸ್‌ಟೆನ್ಶನ್‌ಗಳಲ್ಲಿ ಬೇಡದವನ್ನು ತೆಗೆಯಬೇಕು. ಇಷ್ಟಾದ ಮೇಲೂ ಡಿಸ್ಕ್ ನೂರರಲ್ಲೇ ನಿಂತರೆ ಆಗ ದುಡ್ಡಿನ ಮಾತು: ತಿರುಗುವ ಡಿಸ್ಕಿನ ಜಾಗಕ್ಕೆ ಎಸ್‌ಎಸ್‌ಡಿ. ಅದರಲ್ಲಿ ತಟ್ಟೆಯಿಲ್ಲ, ಮುಳ್ಳಿಲ್ಲ, ಸುತ್ತಿಗೆ ಕಾಯುವುದಿಲ್ಲ. ಸೆಕೆಂಡಿಗೆ ಎಂಬತ್ತರ ಜಾಗದಲ್ಲಿ ಸಾವಿರ ಸಾವಿರ ಓದುಗಳು ಸಿಗುತ್ತವೆ. ಹಳೆ ಕಂಪ್ಯೂಟರಿಗೆ ಮಾಡಬಹುದಾದ ಬದಲಾವಣೆಗಳಲ್ಲಿ ಇದರಷ್ಟು ಫಲ ಕೊಡುವುದು ಇನ್ನೊಂದಿಲ್ಲ. ಮೇಲಿನ ಮೂವತ್ತಾರು ಸೆಕೆಂಡಿನ ಲೆಕ್ಕವೇ ಅದಕ್ಕೆ ಆಧಾರ.

ಆದರೆ ಮಲೆನಾಡಿನಲ್ಲಿ ಎಲ್ಲ ನಿಧಾನಕ್ಕೂ ಆಪರೇಟಿಂಗ್ ಸಿಸ್ಟಮ್ಮೇ ಕಾರಣವಲ್ಲ. ಏಪ್ರಿಲ್ ಮೇ ತಿಂಗಳ ಗುಡುಗು ಸಿಡಿಲಿಗೆ ಹೆದರಿ ಪ್ಲಗ್ ಕಿತ್ತಿಡುವುದು, ಮಳೆಗಾಲದಲ್ಲಿ ಮರ ಬಿದ್ದು ದಿನಗಟ್ಟಲೆ ಕರೆಂಟಿಲ್ಲದಿರುವುದು ಇಲ್ಲಿ ಮಾಮೂಲು. ಪ್ಲಗ್ಗಿನಲ್ಲಿ ಕರೆಂಟಿರುವ ತನಕ ಮದರ್‌ಬೋರ್ಡಿನ ಗಡಿಯಾರ ಅದರಿಂದಲೇ ನಡೆಯುತ್ತದೆ. ಕರೆಂಟಿಲ್ಲದಾಗ ಬಿಲ್ಲೆಯಂಥ ಮೂರು ವೋಲ್ಟಿನ ಸೆಲ್ ಅದನ್ನು ಹೊರಬೇಕು. ಸೆಲ್ ಸತ್ತರೆ ದಿನಾಂಕ ಎಷ್ಟೋ ವರ್ಷ ಹಿಂದಕ್ಕೆ ಹೋಗುತ್ತದೆ. ಆಗ ಜಾಲತಾಣಗಳ ಪ್ರಮಾಣಪತ್ರ ಬ್ರೌಸರಿಗೆ ಹೊಂದಾಣಿಕೆಯಾಗದೆ ಬ್ಯಾಂಕಿನ ಪುಟ ತೆರೆಯುವುದಿಲ್ಲ. ಮನೆಯವರು ನೆಟ್‌ವರ್ಕನ್ನು ಬೈಯುತ್ತಾರೆ, ತಪ್ಪು ಒಂದು ಸಣ್ಣ ಸೆಲ್ಲಿನದು. ಓಡುತ್ತಿರುವಾಗಲೇ ಕರೆಂಟು ಹೋಗಿ ಹೋಗಿ ಡಿಸ್ಕಿನ ಕೆಲವು ಜಾಗಗಳು ಕೆಟ್ಟರೆ, ಅವನ್ನು ಓದಲು ಡಿಸ್ಕ್ ಮತ್ತೆ ಮತ್ತೆ ಪ್ರಯತ್ನಿಸುತ್ತ ಇಡೀ ಯಂತ್ರವನ್ನು ಕಾಯಿಸುತ್ತದೆ. ಎಕ್ಸ್‌ಪಿಯಲ್ಲಂತೂ ಒಂದು ವಿಚಿತ್ರವಿತ್ತು: ಹಳೆಯ ಐಡಿಇ ಡಿಸ್ಕಿನೊಂದಿಗಿನ ವ್ಯವಹಾರದಲ್ಲಿ ಒಟ್ಟು ಆರು ತಪ್ಪುಗಳಾದರೆ ವಿಂಡೋಸ್ ವೇಗದ ದಾರಿಯನ್ನು ಬಿಟ್ಟು ಅತಿ ನಿಧಾನದ ಪಿಐಒ ಎಂಬ ದಾರಿಗೆ ಇಳಿದು ಅಲ್ಲೇ ಉಳಿಯುತ್ತಿತ್ತು. ಸಡಿಲವಾದ ಕೇಬಲ್ ಒಂದರಿಂದ ಯಂತ್ರಕ್ಕೆ ಹತ್ತು ವರ್ಷದ ಮುಪ್ಪು ಬರುತ್ತಿತ್ತು. ಇನ್ನು ಧೂಳು: ಫ್ಯಾನಿನ ಸಂದಿಯಲ್ಲಿ ಅದು ಗಟ್ಟಿಯಾಗಿ, ಪ್ರೊಸೆಸರಿನ ಮೇಲಿನ ಪೇಸ್ಟ್ ಒಣಗಿದರೆ ಬಿಸಿ ಹೊರಹೋಗದು, ಸುಟ್ಟುಹೋಗದಿರಲೆಂದು ಪ್ರೊಸೆಸರ್ ತಾನಾಗಿಯೇ ವೇಗ ಇಳಿಸಿಕೊಳ್ಳುತ್ತದೆ. ಇಲ್ಲೆಲ್ಲ ಬೇಕಾದದ್ದು ಯುಪಿಎಸ್, ಹೊಸ ಸೆಲ್, ಒಂದು ಬ್ರಷ್. ಯಂತ್ರದ ಯಾವ ಭಾಗವೂ ಮುದಿಯಾಗುವುದಿಲ್ಲವೆಂದು ನಾನು ಹೇಳುತ್ತಿಲ್ಲ. ಮುದಿಯಾಗುವ ಭಾಗಗಳು ಕೆಲವೇ, ಅವುಗಳ ಹೆಸರು ಗೊತ್ತಿದೆ, ಹೆಚ್ಚಿನವನ್ನು ಬದಲಿಸಬಹುದು.

ತಿಳಿದವರು ಇಲ್ಲೊಂದು ಆಕ್ಷೇಪ ಎತ್ತಬಹುದು. ಪ್ರೊಸೆಸರ್ ನಿಧಾನವಾಗುವುದೇ ಇಲ್ಲವೆನ್ನುವುದು ಪೂರ್ತಿ ನಿಜವಲ್ಲ; 2018ರ ಜನವರಿಯಲ್ಲಿ ಮೆಲ್ಟ್‌ಡೌನ್, ಸ್ಪೆಕ್ಟರ್ ಎಂಬ ದೋಷಗಳು ಬಯಲಾದಾಗ ಬಂದ ತಿದ್ದುಪಡಿಗಳು ಹಳೆಯ ಯಂತ್ರಗಳನ್ನು ನಿಜವಾಗಿಯೂ ನಿಧಾನ ಮಾಡಿದವಲ್ಲ? ಮಾಡಿದವು. 2015ರ ಕಾಲದ ಅಥವಾ ಅದಕ್ಕಿಂತ ಹಳೆಯ ಪ್ರೊಸೆಸರಿನಲ್ಲಿ ವಿಂಡೋಸ್ 7 ಮತ್ತು 8 ಬಳಸುವ ಹೆಚ್ಚಿನವರಿಗೆ ವೇಗ ಇಳಿದದ್ದು ಅನುಭವಕ್ಕೆ ಬರಬಹುದೆಂದು ಮೈಕ್ರೋಸಾಫ್ಟೇ ಆಗ ಒಪ್ಪಿಕೊಂಡಿತ್ತು. ಆದರೆ ಇದು ನನ್ನ ವಾದವನ್ನು ಮುರಿಯುವುದಿಲ್ಲ. ಅಲ್ಲೂ ಬದಲಾದದ್ದು ಸಿಲಿಕಾನ್ ಅಲ್ಲ, ಅದರ ಮೇಲೆ ಹೇರಿದ ಕಾವಲಿನ ಕೆಲಸ. ಇದರಿಂದ ಹೊರಡುವ ಕೆಟ್ಟ ಸಲಹೆಯೊಂದಕ್ಕೆ ಮಾತ್ರ ಉತ್ತರ ಕೊಡಲೇಬೇಕು: ಹಾಗಾದರೆ ಅಪ್‌ಡೇಟುಗಳನ್ನೇ ನಿಲ್ಲಿಸಿಬಿಡೋಣ ಎಂಬುದು. ವೇಗ ಹೆಚ್ಚಿಸುವ ಸಲಹೆಗಳ ಪಟ್ಟಿಯಲ್ಲಿ ಇದು ಯಾವಾಗಲೂ ಮೇಲ್ಗಡೆ ಇರುತ್ತದೆ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಹಾವಳಿ ಸುಮಾರು ನೂರೈವತ್ತು ದೇಶಗಳ ಕಂಪ್ಯೂಟರುಗಳ ಕಡತಗಳಿಗೆ ಬೀಗ ಹಾಕಿ ಒತ್ತೆಹಣ ಕೇಳಿತು. ಅದು ಬಳಸಿಕೊಂಡ ತೂತಿಗೆ ಮೈಕ್ರೋಸಾಫ್ಟ್ ಎರಡು ತಿಂಗಳ ಮೊದಲೇ, ಮಾರ್ಚಿನಲ್ಲಿ, ತೇಪೆ ಕಳಿಸಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಹೊರೆಯಲ್ಲಿ ಬೇಕಾದ ಹೊರೆ, ಬೇಡದ ಹೊರೆ ಎಂದು ಎರಡಿದೆ. ಕಾವಲು ಬೇಕಾದ ಹೊರೆ. ವೇಗ ಹೆಚ್ಚಿಸುವ ಹೆಸರಿನಲ್ಲಿ ಅದನ್ನು ಕಿತ್ತೊಗೆಯುವವರು ಎರಡು ಸೆಕೆಂಡು ಉಳಿಸಲು ಹತ್ತು ವರ್ಷದ ತೋಟದ ಲೆಕ್ಕವನ್ನು ಪಣಕ್ಕಿಡುತ್ತಾರೆ.

ಎರಡನೆಯ ಆಕ್ಷೇಪ ಹೆಚ್ಚು ನೇರವಾದದ್ದು: ಇಷ್ಟೆಲ್ಲ ಒದ್ದಾಟ ಏಕೆ, ಹೊಸದೊಂದು ತಂದರಾಯಿತು. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದ ಮೇಲೆ ಈ ಮಾತಿಗೆ ಬಲ ಬಂದಿದೆ. ವಿಂಡೋಸ್ 11 ಟಿಪಿಎಂ 2.0 ಎಂಬ ಭದ್ರತಾ ಚಿಪ್ಪನ್ನೂ, ಇಂಟೆಲ್ ಆದರೆ ಬಹುಮಟ್ಟಿಗೆ 2017ರ ಎಂಟನೆಯ ತಲೆಮಾರಿನ ಅಥವಾ ನಂತರದ ಪ್ರೊಸೆಸರನ್ನೂ ಕೇಳುತ್ತದೆ. ಅದಕ್ಕಿಂತ ಹಿಂದಿನವು, ಎಷ್ಟೇ ಚೆನ್ನಾಗಿ ಓಡುತ್ತಿರಲಿ, ಹೊಸ್ತಿಲಾಚೆ. ಕೊಳ್ಳುವ ಶಕ್ತಿಯಿದ್ದವರು, ಅಗತ್ಯವಿದ್ದವರು ಕೊಳ್ಳಲಿ, ಅದರಲ್ಲಿ ತಪ್ಪಿಲ್ಲ. ಆದರೆ ಎರಡು ಮಾತು ನೆನಪಿರಬೇಕು. ಒಂದು, ಲ್ಯಾಪ್‌ಟಾಪ್ ತನ್ನ ಜೀವಮಾನದಲ್ಲಿ ಪರಿಸರದ ಮೇಲೆ ಹಾಕುವ ಭಾರದಲ್ಲಿ ಬಹುಪಾಲು ಅದನ್ನು ಬಳಸುವಾಗಿನ ಕರೆಂಟಿನದಲ್ಲ, ಅದನ್ನು ತಯಾರಿಸುವಾಗಿನದು. ವಿಶ್ವಸಂಸ್ಥೆಯ ವರದಿಯಂತೆ 2022ರಲ್ಲಿ ಜಗತ್ತು ಬಿಸಾಡಿದ ವಿದ್ಯುನ್ಮಾನ ಕಸ 6.2 ಕೋಟಿ ಟನ್. ಸರಿಯಾಗಿ ಸಂಗ್ರಹವಾಗಿ ಮರುಬಳಕೆಗೆ ಹೋದದ್ದೆಂದು ದಾಖಲಾದದ್ದು ಅದರ ಕಾಲು ಪಾಲಿಗಿಂತ ಕಡಿಮೆ. ಎರಡು, ಕಾರಣ ತಿಳಿಯದೆ ಕೊಂಡ ಹೊಸ ಯಂತ್ರವೂ ಅದೇ ದಾರಿ ಹಿಡಿಯುತ್ತದೆ. ಹಳೆಯದನ್ನು ಮುಳುಗಿಸಿದ ಅಭ್ಯಾಸಗಳು ಹೊಸದರ ಜೊತೆಗೂ ಮನೆಗೆ ಬರುತ್ತವೆ, ನಾಲ್ಕು ವರ್ಷ ತಡವಾಗಿ ಅಷ್ಟೆ.

ವಿಂಡೋಸ್ ಬಿಟ್ಟು ಲಿನಕ್ಸ್ ಹಾಕಿಕೊಳ್ಳಿ ಎಂಬ ಸಲಹೆ ಸಾಮಾನ್ಯವಾಗಿ ಇಲ್ಲಿಂದ ಹುಟ್ಟುತ್ತದೆ. ಲಿನಕ್ಸ್ ಮಿಂಟ್ ಎಕ್ಸ್‌ಎಫ್‌ಸಿಇಯಂಥವು 4 ಜಿಬಿಯಲ್ಲಿ ಆರಾಮವಾಗಿ ಕೂರುತ್ತವೆ, ಭದ್ರತಾ ತಿದ್ದುಪಡಿಗಳೂ ಸಿಗುತ್ತವೆ. ಅದಕ್ಕೆ ಕನ್ನಡ ಬಳಸುವವರ ಆಕ್ಷೇಪ ಗಟ್ಟಿಯಾದದ್ದು: ನಮ್ಮ ಹಳೆಯ ಕಡತಗಳೆಲ್ಲ ನುಡಿ, ಶ್ರೀಲಿಪಿ ತಂತ್ರಾಂಶಗಳ ಹಳೆ ಫಾಂಟುಗಳಲ್ಲಿವೆ, ಕರೆಯೋಲೆ, ಸ್ಮರಣ ಸಂಚಿಕೆ, ಸಹಕಾರ ಸಂಘದ ವರದಿ ಎಲ್ಲ ಪೇಜ್‌ಮೇಕರಿನಲ್ಲಿವೆ, ಅವು ಅಲ್ಲಿ ತೆರೆಯುವುದು ಹೇಗೆ? ಅಕ್ಷರಗಳಿಗೆ ಎಲ್ಲರೂ ಒಪ್ಪಿದ ಸಂಕೇತವಿಲ್ಲದೆ ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಕನ್ನಡವನ್ನು ಕಂಪ್ಯೂಟರಿಗೆ ಹಾಕಿದ ಕಾಲದ ಸಾಲ ಇದು. ಮೂಡಿಗೆರೆಯ ತೋಟದಲ್ಲಿ ಕೂತೇ ಕನ್ನಡ ತಂತ್ರಾಂಶಕ್ಕಾಗಿ ತಲೆ ಕೆಡಿಸಿಕೊಂಡ ಸಾಹಿತಿ ಪೂರ್ಣಚಂದ್ರ ತೇಜಸ್ವಿ (1938–2007) ಈ ಗೋಜಲನ್ನು ಚೆನ್ನಾಗಿ ಬಲ್ಲವರಾಗಿದ್ದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯದ ‘ಕುವೆಂಪು’ ತಂತ್ರಾಂಶದ ಹಿಂದೆ ಅವರ ಒತ್ತಾಸೆಯಿತ್ತು. ಇವತ್ತು ಹೊಸದಾಗಿ ಬರೆಯುವವರಿಗೆ ಆ ತೊಡಕಿಲ್ಲ. ಕಗಪ ಕೀಲಿವಿನ್ಯಾಸ ಲಿನಕ್ಸಿನಲ್ಲೇ ಇದೆ, ಗುಬ್ಬಿ, ನವಿಲು, ಲೋಹಿತ್ ಎಂಬ ಮುಕ್ತ ಫಾಂಟುಗಳಿವೆ, ಯೂನಿಕೋಡಿನಲ್ಲಿ ಬರೆದದ್ದು ಎಲ್ಲಿ ಬೇಕಾದರೂ ತೆರೆಯುತ್ತದೆ. ಹಳೆಯ ಕಡತಗಳ ವಿಷಯದಲ್ಲಿ ನನ್ನ ಉತ್ತರ ಮತ್ತೆ ಹೊರೆಯ ಲೆಕ್ಕದ್ದೇ. ಪೇಜ್‌ಮೇಕರ್ 7 ಹುಟ್ಟಿದ್ದು 2001ರಲ್ಲಿ. ಅದು ಹಳೆಯ ಯಂತ್ರಕ್ಕೆ ಹೊರೆಯೇ ಅಲ್ಲ. ಎಕ್ಸ್‌ಪಿ ಇರುವ ಡಬ್ಬವನ್ನು ಇಂಟರ್ನೆಟ್ಟಿನಿಂದ ಬಿಡಿಸಿ, ಆ ಕೆಲಸಕ್ಕೆ ಮಾತ್ರ ಇಟ್ಟುಕೊಂಡರೆ ಅದು ಹುಟ್ಟಿದ ದಿನದ ವೇಗದಲ್ಲೇ ಇನ್ನೂ ದುಡಿಯುತ್ತದೆ. ಅದೇ ಎಕ್ಸ್‌ಪಿಯಲ್ಲಿ ಬ್ಯಾಂಕಿನ ವ್ಯವಹಾರ ಮಾಡುತ್ತೇನೆಂದರೆ ವೇಗಕ್ಕೂ ಮೊದಲು ಸುರಕ್ಷತೆ ಅಡ್ಡ ಬರುತ್ತದೆ: ಅದರ ಬೆಂಬಲ 2014ರ ಏಪ್ರಿಲ್ 8ಕ್ಕೇ ಮುಗಿದಿದೆ.

ಕಡೆಯ ಆಕ್ಷೇಪ, ಬಹುಶಃ ಎಲ್ಲಕ್ಕಿಂತ ನ್ಯಾಯವಾದದ್ದು, ಹೊತ್ತಿನದು. ಹಳೆಯ ಯಂತ್ರದ ಹಿಂದೆ ಬಿದ್ದು ಕಳೆಯುವ ಗಂಟೆಗಳಿಗೂ ಬೆಲೆಯಿದೆ. ಕಾಫಿ ಹಣ್ಣಾಗಿ ಕೊಯ್ಲಿಗೆ ಬಂದ ಡಿಸೆಂಬರಿನಲ್ಲಿ ತೋಟದ ರೈಟರ್ ಕೂಲಿ ಲೆಕ್ಕ ಬಿಟ್ಟು ಸ್ಟಾರ್ಟ್‌ಅಪ್ ಪಟ್ಟಿ ನೋಡುತ್ತ ಕೂರಲಾಗದು. ಒಪ್ಪಿದೆ. ಆದರೆ ಗಂಟೆಗಳು ವ್ಯರ್ಥವಾಗುವುದು ಅಳತೆಯಿಲ್ಲದೆ ಕೈಯಾಡಿಸುವವರಿಗೆ. ಅಳೆಯುವವರಿಗೆ ಎಲ್ಲಿ ಶುರು ಮಾಡಬೇಕೆಂಬುದರ ಜೊತೆಗೆ ಎಲ್ಲಿ ನಿಲ್ಲಿಸಬೇಕೆಂಬುದೂ ತಿಳಿಯುತ್ತದೆ. ಮದರ್‌ಬೋರ್ಡ್ 2 ಜಿಬಿಗಿಂತ ಹೆಚ್ಚು ಮೆಮೊರಿ ಒಪ್ಪದಿದ್ದರೆ ಇವತ್ತಿನ ಬ್ರೌಸರನ್ನು ಅದರಲ್ಲಿ ಸುಖವಾಗಿ ಓಡಿಸುವ ಆಸೆ ಬಿಡಬೇಕು. ಪ್ರೊಸೆಸರ್ 32 ಬಿಟ್ಟಿನದಾದರೆ ಲಿನಕ್ಸಿನ ದಾರಿಯೂ ಕಿರಿದಾಗುತ್ತ ಬಂದಿದೆ. 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13 ಎಂಬ ಲಿನಕ್ಸ್ ಆವೃತ್ತಿ ಅಂಥ ಯಂತ್ರಗಳಿಗೆ ಹೊಸದಾಗಿ ಹಾಕಿಕೊಳ್ಳುವ ಅವಕಾಶವನ್ನೇ ಕೈಬಿಟ್ಟಿದೆ. ಅಂಥ ಕಡೆ ಯಂತ್ರಕ್ಕೆ ಟೈಪಿಂಗು, ಹಾಡು, ಹಳೆ ಫೋಟೋಗಳ ಕೆಲಸ ವಹಿಸಿ ಸುಮ್ಮನಾಗುವುದೇ ವಿವೇಕ. ಡಿಸ್ಕ್, ಮೆಮೊರಿ, ಬಿಸಿ, ಕಾವಲು ಇಷ್ಟನ್ನು ಒಂದು ಮಧ್ಯಾಹ್ನದಲ್ಲಿ ನೋಡಿ ಮುಗಿಸಬಹುದು. ಅದಾದ ಮೇಲೂ ಉಳಿಯುವ ನಿಧಾನ ನಮ್ಮ ಕೈಯಲ್ಲಿಲ್ಲ.

ನಮ್ಮ ಕೈಯಲ್ಲಿಲ್ಲದ್ದು ಯಾರ ಕೈಯಲ್ಲಿದೆ ಎಂಬ ಪ್ರಶ್ನೆಯನ್ನು ಕೇಳದೆ ಈ ವಾದ ಮುಗಿಯುವುದಿಲ್ಲ. ಹೊರೆ ಬೆಳೆಯುವುದರಿಂದ ಯಂತ್ರ ಮುದಿಯಾಗುತ್ತದೆಂದರೆ, ಮುಪ್ಪನ್ನು ತಯಾರಿಸುವವರು ಹೊರೆಯನ್ನು ತಯಾರಿಸುವವರೇ. ನಾಲ್ಕೈದು ಅಂಕಿಯ ದರ ಹೇಳಲು ಕಾದಂಬರಿಯ ಭಾರದ ಪುಟ ಕಟ್ಟುವವರು ಅದನ್ನು ಒಳ್ಳೆಯ ಯಂತ್ರದಲ್ಲಿ, ಒಳ್ಳೆಯ ಸಂಪರ್ಕದಲ್ಲಿ ಪರೀಕ್ಷಿಸಿ ಚೆನ್ನಾಗಿದೆ ಎನ್ನುತ್ತಾರೆ. ಆ ಪುಟಕ್ಕೆ ಬೇಕಾದ ಹೆಚ್ಚಿನ ಮೆಮೊರಿಯ, ಹೊಸ ಡಿಸ್ಕಿನ, ಹೊಸ ಕಂಪ್ಯೂಟರಿನ ಖರ್ಚು ಅವರ ಲೆಕ್ಕದಲ್ಲಿ ಬರುವುದಿಲ್ಲ, ಓದುವವರ ಲೆಕ್ಕದಲ್ಲಿ ಬರುತ್ತದೆ. ಖಾಸಗಿಯವರು ಹಾಗೆ ಮಾಡಿದರೆ ನಾವು ಬೇರೆ ಕಡೆ ಹೋಗಬಹುದು. ಜಮೀನಿನ ದಾಖಲೆ, ತೆರಿಗೆ, ಪರಿಹಾರದ ಅರ್ಜಿ, ಮಕ್ಕಳ ಫಲಿತಾಂಶ ಇವುಗಳಿಗೆ ಬೇರೆ ಕಡೆ ಎಂಬುದಿಲ್ಲ. ಸಾರ್ವಜನಿಕ ಕೆಲಸದ ಪ್ರತಿ ಜಾಲತಾಣವನ್ನೂ ಬಿಡುಗಡೆಗೆ ಮೊದಲು 4 ಜಿಬಿ ಮೆಮೊರಿಯ, ತಿರುಗುವ ಡಿಸ್ಕಿನ ಯಂತ್ರವೊಂದರಲ್ಲಿ, ಮಳೆಗಾಲದ ಕಳಸದ ಸಿಗ್ನಲ್ಲಿನಲ್ಲಿ ತೆರೆದು ನೋಡಬೇಕೆಂಬ ನಿಯಮ ಮಾಡಲು ಹೊಸ ತಂತ್ರಜ್ಞಾನವೇನೂ ಬೇಕಿಲ್ಲ. ಟೆಂಡರಿನ ಕಾಗದದಲ್ಲಿ ಒಂದು ಸಾಲು ಸಾಕು. ಆ ಒಂದು ಸಾಲು ರಾಜ್ಯದ ಎಷ್ಟೋ ಮನೆಗಳ ಕಂಪ್ಯೂಟರುಗಳ ಆಯುಷ್ಯವನ್ನು ಒಂದೇ ಬಾರಿಗೆ ನಾಲ್ಕೈದು ವರ್ಷ ಹೆಚ್ಚಿಸೀತು.